2023ರಲ್ಲಿ ಇಂಗ್ಲೆಂಡಿನ ಮಿಡ್ ಸಫಕ್ ಜಿಲ್ಲಾ ಕೌನ್ಸಿಲ್ ಗ್ರೀನ್ ಪಾರ್ಟಿ ಪಾಲಾಗಿದ್ದು ಹೇಗೆ?
ಒಂದೇ ಸಲಕ್ಕೆ ಆಗಿದ್ದಲ್ಲ ಇದು. ಪರಿಸರವನ್ನೇ ಮುಖ್ಯವಾಗಿಟ್ಟುಕೊಂಡ ಗ್ರೀನ್ ಪಾರ್ಟಿ 2019ರಲ್ಲೇ ಇಲ್ಲಿ 12 ಸೀಟು ಗೆದ್ದಿತ್ತು. ಮೇ 2023ರಲ್ಲಿ ಅದು 24ಕ್ಕೇರಿತು. ಕನ್ಸರ್ವೇಟಿವ್ ಪಕ್ಷ 16ರಿಂದ 6ಕ್ಕೆ ಕುಸಿಯಿತು, ಲಿಬರಲ್ ಡೆಮಾಕ್ರಾಟ್‌ಗೆ 4. ಒಟ್ಟು 34 ಸೀಟು, ಅಂದ್ರೆ ಬಹುಮತಕ್ಕೆ 18 ಸಾಕಿತ್ತು. ಬ್ರಿಟನ್ನಿನಲ್ಲಿ ಗ್ರೀನ್ ಪಾರ್ಟಿ ಒಂದು ಕೌನ್ಸಿಲ್‌ನಲ್ಲಿ ಸ್ವಂತ ಬಲದ ಬಹುಮತ ಪಡೆದದ್ದು ಇದೇ ಮೊದಲು. ಬ್ರೈಟನ್ ನಗರದ ಕೌನ್ಸಿಲ್‌ನಲ್ಲಿ ಗ್ರೀನ್ ಪಾರ್ಟಿಯವರು ಮೊದಲೇ ಆಡಳಿತ ನಡೆಸಿದ್ದರು ನಿಜ, ಆದರೆ ಅಲ್ಲಿ ಬಹುಮತ ಇರಲಿಲ್ಲ.

ಆ ದಿನ ಗಾಳಿಯೂ ಕನ್ಸರ್ವೇಟಿವ್‌ಗೆ ವಿರುದ್ಧವಾಗಿತ್ತು. ಇಂಗ್ಲೆಂಡಿನುದ್ದಕ್ಕೂ ಅವರು 1,000ಕ್ಕೂ ಜಾಸ್ತಿ ಕೌನ್ಸಿಲ್ ಸೀಟು ಕಳೆದುಕೊಂಡರು. ಜೊತೆಗೆ, ನಮ್ಮಲ್ಲಿನಂತೆ ಅಲ್ಲೂ ಹೆಚ್ಚು ಓಟು ಬಿದ್ದವರೇ ಗೆದ್ದಂತೆ, ಅರ್ಧ ದಾಟಲೇಬೇಕೆಂದಿಲ್ಲ. ಹಾಗಾಗಿ ಓಟು ಸ್ವಲ್ಪ ಆಚೀಚೆ ಆದರೂ ಸೀಟು ದೊಡ್ಡದಾಗಿ ಪಲ್ಟಿ ಹೊಡೆಯುತ್ತೆ. ಎರಡು ಸೀಟಿನ ವಾರ್ಡಾದರೆ ಮತದಾರನಿಗೆ ಎರಡು ಓಟು!

ಈ ಕೌನ್ಸಿಲ್‌ನ ಕೆಲಸ ಕಸ ಎತ್ತಿಸುವುದು, ಮನೆ ಕಟ್ಟಲು ಅನುಮತಿ ಕೊಡುವುದು, ಇಂಥವು. ಶಾಲೆ, ರಸ್ತೆ ಎಲ್ಲ ಸಫಕ್ ಕೌಂಟಿ ಕೌನ್ಸಿಲ್ ಕೈಯಲ್ಲಿ. ಹಾಗಾಗಿ ಸುಮ್ನೆ ಪರಿಸರದ ಅಲೆ ಅಂದುಬಿಡೋದು ಸರಿಯಲ್ಲ ಅನ್ನಿಸುತ್ತೆ. ಆದರೂ 2024ರಲ್ಲಿ ಈ ಜಿಲ್ಲೆಯ ಒಂದಷ್ಟು ಭಾಗ ಸೇರಿದ್ದ ವೇವನಿ ವ್ಯಾಲಿ ಪಾರ್ಲಿಮೆಂಟ್ ಕ್ಷೇತ್ರವೂ ಗ್ರೀನ್‌ನ ಏಡ್ರಿಯನ್ ರ‍್ಯಾಮ್ಸಿಗೆ ಒಲಿಯಿತು.