ಅಯಸ್ಕಾಂತದಿಂದ ಕಾಂಡಕೋಶಗಳನ್ನು ಬೇರ್ಪಡಿಸುವುದು ಹೇಗೆ? ಚಿಕಿತ್ಸೆಯಲ್ಲಿ ಅದರ ಉಪಯೋಗವೇನು?

ರಕ್ತದಲ್ಲಿ ಕಬ್ಬಿಣವಿದೆ ನಿಜ, ಆದರೆ ಅದನ್ನು ನಂಬಿ ಅಯಸ್ಕಾಂತ ಹಿಡಿದರೆ ಕಾಂಡಕೋಶಗಳು ಬಂದು ಅಂಟಿಕೊಳ್ಳುವುದಿಲ್ಲ. ಆ ಕಬ್ಬಿಣ ಬಹುಪಾಲು ಕೆಂಪುಕಣಗಳಲ್ಲಿದೆ, ಅದರ ಸೆಳೆತವೂ ತೀರಾ ದುರ್ಬಲ. ಹಾಗಾಗಿ ಕಾಂತಗುಣವನ್ನು ಹೊರಗಿನಿಂದ ತೊಡಿಸಬೇಕು.

ರಕ್ತ ಹುಟ್ಟಿಸುವ ಕಾಂಡಕೋಶಗಳ ಮೈಮೇಲೆ ಸಿಡಿ34 ಎಂಬ ಪ್ರೋಟೀನ್ ಇರುತ್ತದೆ. ಅದನ್ನೇ ಹುಡುಕಿ ಹಿಡಿಯುವ ಪ್ರತಿಕಾಯಕ್ಕೆ ಸುಮಾರು 50 ನ್ಯಾನೊಮೀಟರ್ ಗಾತ್ರದ ಐರನ್ ಆಕ್ಸೈಡ್ ಕಣಗಳನ್ನು ಜೋಡಿಸಿ, ದಾನಿಯಿಂದ ಪಡೆದ ಕೋಶಗಳ ಜೊತೆ ಬೆರೆಸುತ್ತಾರೆ. ಆಮೇಲೆ ಈ ದ್ರವವನ್ನು ಅಯಸ್ಕಾಂತದ ನಡುವೆ ಇಟ್ಟ, ಕಬ್ಬಿಣದ ಸಣ್ಣ ಗುಂಡುಗಳು ತುಂಬಿದ ಕೊಳವೆಯ ಮೂಲಕ ಹರಿಸುತ್ತಾರೆ. ಕಣ ಅಂಟಿದ ಕೋಶಗಳು ಒಳಗೇ ಸಿಕ್ಕಿಕೊಳ್ಳುತ್ತವೆ, ಉಳಿದವು ಹರಿದುಹೋಗುತ್ತವೆ. ಅಯಸ್ಕಾಂತವನ್ನು ಸರಿಸಿ ತೊಳೆದರೆ ಬೇಕಾದ ಕೋಶಗಳು ಕೈಗೆ ಬರುತ್ತವೆ. ಕಣಗಳು ಎಷ್ಟು ಚಿಕ್ಕವೆಂದರೆ, ಅವನ್ನು ಕಿತ್ತು ತೆಗೆಯುವ ಗೋಜೂ ಇಲ್ಲ.

ಇಷ್ಟೆಲ್ಲ ಏಕೆ? ಬೇರೊಬ್ಬರ ಕೋಶಗಳನ್ನು ಕಸಿ ಮಾಡುವಾಗ ದಾನಿಯ ಟಿ ಕೋಶಗಳೂ (ಪರಕೀಯವೆನಿಸಿದ್ದರ ಮೇಲೆ ಎರಗುವ ಬಿಳಿ ರಕ್ತಕಣಗಳು) ಜೊತೆಗೆ ಬಂದು ರೋಗಿಯ ದೇಹದ ಮೇಲೆಯೇ ದಾಳಿ ಮಾಡಬಹುದು. ಈ ಸೋಸುವಿಕೆ ಅವನ್ನು ಬಹುತೇಕ ಹೊರಗಿಡುತ್ತದೆ. ಇಂಥದೊಂದು ವ್ಯವಸ್ಥೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ, ಒಂದು ಬಗೆಯ ರಕ್ತ ಕ್ಯಾನ್ಸರ್ ರೋಗಿಗಳಿಗೆಂದು, ಒಪ್ಪಿಗೆ ನೀಡಿತು. ಆದರೆ ಟಿ ಕೋಶಗಳನ್ನು ಕಳೆದ ಕಸಿಯಲ್ಲಿ ರೋಗನಿರೋಧಕ ಶಕ್ತಿ ಮರಳುವುದು ನಿಧಾನ. ಅಲ್ಲಿಯವರೆಗೆ ಸೋಂಕಿನ ಭಯ ತಪ್ಪಿದ್ದಲ್ಲ.