ಕಾಟನ್ ಹಾಕಿದ್ರೂ ತುರಿಕೆ ಯಾಕೆ ಡಾಕ್ಟ್ರೇ?

ಬೇರೆ ದೇಶದಿಂದ ಹೋಗಿ ಬಿಸಿಲು, ಸೆಖೆ, ಮಳೆಯ ನಾಡಿನಲ್ಲಿ ನೆಲೆಸಿದವರ ಪ್ರಶ್ನೆಗಳು ಈ ಸಲ. ನಾನು ಚರ್ಮದ ಡಾಕ್ಟರು, ಫ್ಯಾಷನ್ ಹೇಳಿಕೊಡುವವನಲ್ಲ. ಆದರೂ ಬಟ್ಟೆಯ ಪ್ರಶ್ನೆಗಳೆಲ್ಲ ನನ್ನ ಮೇಜಿಗೇ ಬರುತ್ತವೆ. ತಪ್ಪು ಬಟ್ಟೆಯ ಬಾಕಿ ಕೊನೆಗೆ ಚುಕ್ತಾ ಆಗುವುದು ಚರ್ಮದ ಮೇಲೆ ತಾನೇ? ನೀರು ಕುಡಿಯಿರಿ, ಟೋಪಿ ಹಾಕಿ ಅಂತೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ನಿಮಗೆ ಗೊತ್ತು. ಗೊತ್ತಿದ್ದೂ ಮಾಡುವುದಿಲ್ಲ, ಆ ಮಾತು ಬೇರೆ.

ಮೊದಲ ಪತ್ರ: ಕೆಲಸಕ್ಕೆಂದು ಇಲ್ಲಿಗೆ ಬಂದು ಐದು ತಿಂಗಳಾಯಿತು. ಎಲ್ಲರೂ ಹೇಳಿದ ಹಾಗೆ ಬರೀ ಕಾಟನ್ನೇ ಹಾಕುತ್ತೇನೆ. ಜೀನ್ಸೂ ಕಾಟನ್ನೇ. ಆದರೂ ತೊಡೆಸಂದಿಯಲ್ಲಿ, ಸೊಂಟದ ಸುತ್ತ ಉಂಗುರದಂಥ ಕೆಂಪು ಕಲೆ, ವಿಪರೀತ ತುರಿಕೆ. ಸಹೋದ್ಯೋಗಿ ಕೊಟ್ಟ ಕ್ರೀಮ್ ಹಚ್ಚಿದರೆ ಮೂರು ದಿನದಲ್ಲಿ ಮಾಯ, ಬಿಟ್ಟರೆ ಮತ್ತೆ ಹಾಜರ್. ಎಲ್ಲಿ ತಪ್ಪಿದೆ?

ಎರಡು ಕಡೆ ತಪ್ಪಿದ್ದೀರಿ. ಒಂದು ಜೀನ್ಸು, ಇನ್ನೊಂದು ಆ ಕ್ರೀಮು.

ಈ ಪತ್ರ ನನಗೆ ಹೊಸದಲ್ಲ. ಹೆಸರು, ದೇಶ ಬದಲಾಗುತ್ತದೆ, ಮೂರು ದಿನದ ಮಾಯಾ ಕ್ರೀಮು ಮಾತ್ರ ಬದಲಾಗುವುದಿಲ್ಲ. ಮೊದಲು ಬಟ್ಟೆಯ ವಿಷಯ ಮುಗಿಸೋಣ.

ಬೆವರು ಬಂದರೆ ಮೈ ತಂಪಾಗುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಬಂದರೆ ಸಾಲದು, ಅದು ಆರಬೇಕು. ಒಂದು ಲೀಟರ್ ಬೆವರು ಮೈಮೇಲೇ ಆರಿ ಹೋದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಅದೇ ಬೆವರು ಗಲ್ಲದಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ನಿಮಗೆ ಸಿಗುವ ತಂಪು ಸೊನ್ನೆ. ಒಣಹವೆಯ ಊರಿನಲ್ಲಿ ಬೆವರು ಕಣ್ಣಿಗೆ ಕಾಣುವ ಮೊದಲೇ ಆರುತ್ತದೆ. ಗಾಳಿಯಲ್ಲೇ ಶೇ 80–90 ತೇವ ಇರುವಾಗ ಅದು ಆರಲು ಜಾಗವೇ ಇಲ್ಲ. ಹಾಗಾಗಿ ಸೆಖೆಯೂರಿನಲ್ಲಿ ಬಟ್ಟೆಗೆ ಕೇಳಬೇಕಾದ ಪ್ರಶ್ನೆ ಒಂದೇ: ನೀನು ಎಷ್ಟು ಬೇಗ ಒಣಗುತ್ತೀ?

ಕಾಟನ್ ಎಡವುವುದು ಇಲ್ಲೇ. ಮುಟ್ಟಿದರೆ ಒಣಗಿದಂತಿರುವ ಹತ್ತಿ ಬಟ್ಟೆಯಲ್ಲೂ ಅದರ ತೂಕದ ಶೇ 8ರಷ್ಟು ತೇವ ಇರುತ್ತದೆ. ಪಾಲಿಯೆಸ್ಟರ್‌ನಲ್ಲಿ ಅದು ಶೇ 0.4ರಷ್ಟು. ಹತ್ತಿ ನೀರನ್ನು ನೂಲಿನೊಳಕ್ಕೆ ಎಳೆದುಕೊಂಡು ಬಿಡಲೊಲ್ಲದು. ತೆಳು ಹತ್ತಿಯಾದರೆ ಚಿಂತೆಯಿಲ್ಲ, ಫ್ಯಾನ್ ಕೆಳಗೆ ಹತ್ತು ನಿಮಿಷ ಕೂತರೆ ಹಗುರಾಗುತ್ತದೆ. ಆದರೆ ಜೀನ್ಸು? ಇವತ್ತು ಸಂಜೆ ಮನೆಗೆ ಬಂದ ತಕ್ಷಣ ಅದನ್ನು ತಿರುಗಿಸಿ ಸೊಂಟಪಟ್ಟಿಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ಬಟ್ಟೆ ಮಡಚಿ ಮಡಚಿ ಹೊಲಿದಿರುವ ಜಾಗ ಅದು. ತಣ್ಣಗೆ, ಒದ್ದೆ ಒದ್ದೆ ಇರುತ್ತದೆ. ಕಾಲುಗಳ ನಡುವೆ ಹೊಲಿಗೆಗಳು ಸೇರುವ ಆ ದಪ್ಪ ಗಂಟೂ ಹಾಗೇ. ನಿಮ್ಮ ಕಲೆಗಳು ಎಲ್ಲಿವೆ ಅಂದಿರಿ? ಸೊಂಟದ ಸುತ್ತ, ತೊಡೆಸಂದಿಯಲ್ಲಿ. ದಿನಕ್ಕೆ ಹತ್ತು ತಾಸು ಒದ್ದೆ ಪಟ್ಟಿ ಕಟ್ಟಿಕೊಂಡು ಓಡಾಡಿದ್ದೀರಿ. ಅದನ್ನೇ ಒಗೆಯದೆ ವಾರವಿಡೀ ಹಾಕಿರುತ್ತೀರಿ ಅಂತಲೂ ನನ್ನ ಗುಮಾನಿ. ಪತ್ರದಲ್ಲಿ ಬರೆದಿಲ್ಲ, ಯಾರೂ ಬರೆಯುವುದಿಲ್ಲ.

ನಿಮ್ಮದು ಬಹುತೇಕ ಹುಳುಕಡ್ಡಿ. ಹೆಸರಲ್ಲಿ ಹುಳು ಇದ್ದರೂ ಇದು ಶಿಲೀಂಧ್ರ, ಅಂದರೆ ಫಂಗಸ್. ಬೆಚ್ಚಗೆ, ಒದ್ದೆಯಾಗಿ, ಉಜ್ಜಿಕೊಳ್ಳುವ ಜಾಗ ಸಿಕ್ಕರೆ ಅದಕ್ಕೆ ಹಬ್ಬ.

ಈಗ ಆ ಕ್ರೀಮು. ಮೂರು ದಿನದಲ್ಲಿ ತುರಿಕೆ ಮಾಯವಾಯಿತು ಅಂದರೆ ಅದರಲ್ಲಿ ಸ್ಟೀರಾಯ್ಡ್ ಇದೆ ಅನ್ನುವುದೇ ನನ್ನ ಮೊದಲ ಅನುಮಾನ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಕ್ಲೊಬೆಟಸಾಲ್ ಅಥವಾ ಬೀಟಾಮೆಥಸೋನ್ ಅಂತ ಇದೆಯಾ ನೋಡಿ. ಜೊತೆಗೆ ಫಂಗಸ್ ಔಷಧಿ ಒಂದು, ಆಂಟಿಬಯಾಟಿಕ್ ಒಂದು ಸೇರಿಸಿರುತ್ತಾರೆ. ಎಲ್ಲದಕ್ಕೂ ಒಂದೇ ಟ್ಯೂಬ್! ಸ್ಟೀರಾಯ್ಡ್ ಮಾಡುವುದೇನು ಗೊತ್ತಾ? ಚರ್ಮದ ಕಾವಲುಗಾರನನ್ನು ಮಲಗಿಸುತ್ತದೆ. ಕೆಂಪು ಹೋಗುತ್ತದೆ, ತುರಿಕೆ ಹೋಗುತ್ತದೆ, ಕಳ್ಳ ಒಳಗೇ ಇರುತ್ತಾನೆ, ಆರಾಮಾಗಿ ಮನೆ ವಿಸ್ತರಿಸುತ್ತಾನೆ. ಉಂಗುರದ ಅಂಚು ಅಳಿಸಿ ಹೋಗಿ, ಆಮೇಲೆ ನೋಡುವ ಡಾಕ್ಟರಿಗೂ ಗುರುತು ಸಿಗದ ಹಾಗಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ತೊಡೆಸಂದಿಯ ಚರ್ಮ ತೆಳುವಾಗಿ ಗೆರೆ ಗೆರೆಯಾಗಿ ಸೀಳುತ್ತದೆ. ಆ ಗೆರೆಗಳು ಪೂರ್ತಿ ಹೋಗುವುದಿಲ್ಲ. ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಅವನ್ನು ತೋರಿಸಿ "ಯಾವಾಗ ಹೋಗುತ್ತೆ?" ಅಂತ ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಅವನಿಗೂ ಸ್ನೇಹಿತನೇ ಕೊಟ್ಟಿದ್ದು. ಅಂಗಡಿಯಲ್ಲಿ ನಿಂತು "ತುರಿಕೆಗೆ ಏನಾದ್ರೂ ಕೊಡಿ" ಅಂದರೆ ಇಂಥದ್ದನ್ನೇ ಕೈಗಿಡುವವರ ಮೇಲೆ ನನಗೆ ಸಿಟ್ಟಿದೆ. ನಿಮ್ಮ ಮೇಲೂ ಸ್ವಲ್ಪ ಇದೆ.

ಕ್ರೀಮ್ ನಿಲ್ಲಿಸಿ, ಚರ್ಮದ ಡಾಕ್ಟರಿಗೆ ತೋರಿಸಿ. ಹಚ್ಚಿದ್ದನ್ನು ಮುಚ್ಚಿಡಬೇಡಿ, ಟ್ಯೂಬನ್ನೇ ಒಯ್ದು ತೋರಿಸಿ. ಅವರು ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಕ್ರೀಮ್ ಬಿಟ್ಟ ಮೊದಲ ದಿನಗಳಲ್ಲಿ ತುರಿಕೆ ಕೆರಳುತ್ತದೆ. ಹೆದರಿ ಮತ್ತೆ ಹಚ್ಚಬೇಡಿ. ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ. ಕಲೆ ಹೋಯಿತು ಅಂತ ನಡುವೆ ಬಿಟ್ಟವರೇ ನನ್ನ ಕಾಯಂ ಗಿರಾಕಿಗಳು.

ಜೀನ್ಸನ್ನು ಗಟ್ಟಿ ಏಸಿ ಇರುವ ದಿನಗಳಿಗೆ ಇಟ್ಟುಕೊಳ್ಳಿ. ಉಳಿದಂತೆ ತೆಳು ಹತ್ತಿ ಅಥವಾ ಲಿನನ್. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ, ಗಾಳಿ ಆಚೆ ಬರಬೇಕು. ಬಂದರೆ ಕೊಳ್ಳಿ. ಪ್ಯಾಂಟು ತೊಡೆಗೆ ಅಂಟಬಾರದು. ಓಡುವಾಗ, ಆಡುವಾಗ ಪಾಲಿಯೆಸ್ಟರ್ ತಪ್ಪಲ್ಲ, ಬೇಗ ಒಣಗುತ್ತದೆ. ಆದರೆ ಅದಕ್ಕೆ ವಾಸನೆ ಬೇಗ ಹತ್ತುತ್ತದೆ, ಹಾಗಾಗಿ ಆಟ ಮುಗಿದ ಕೂಡಲೇ ಕಳಚಿ. ಒಳಉಡುಪು ದಿನಕ್ಕೆ ಎರಡು. ಚೌಕಾಸಿ ಬೇಡ. ರೋಗ ಇರುವಷ್ಟು ದಿನ ಒಳಉಡುಪು, ಟವೆಲ್ಲು, ಹಾಸಿಗೆಬಟ್ಟೆಗಳನ್ನು 60 ಡಿಗ್ರಿ ಬಿಸಿನೀರಲ್ಲಿ, ಬೇರೆಯವರ ಬಟ್ಟೆಯ ಜೊತೆ ಬೆರೆಸದೆ ಒಗೆಯಿರಿ. ತಣ್ಣೀರಲ್ಲಿ ಜಾಲಿಸಿದರೆ ಫಂಗಸ್ ಸ್ನಾನ ಮಾಡಿದ ಹಾಗೆ, ಅಷ್ಟೇ. ಮತ್ತೆ, ಬಚ್ಚಲಮನೆಯಲ್ಲಿ ಬಟ್ಟೆ ಒಣಹಾಕುವ ಅಭ್ಯಾಸ ಬಿಡಿ.

ಹುಳುಕಡ್ಡಿಗೆ ಬೆಳ್ಳುಳ್ಳಿ ಅರೆದು ಹಚ್ಚಬಹುದಾ?

ಹಚ್ಚಿ. ಆಮೇಲೆ ಸುಟ್ಟಗಾಯಕ್ಕೆ ಚಿಕಿತ್ಸೆ ತಗೊಳ್ಳೋಕೆ ಬನ್ನಿ.

ಮೈ ಬಿಟ್ಟಷ್ಟೂ ತಂಪು ಅಲ್ವಾ? ತೋಳಿಲ್ಲದ ಬನಿಯನ್ನು, ಚಡ್ಡಿ ಸಾಕಲ್ಲ?

ನೆರಳಲ್ಲಿ, ಫ್ಯಾನ್ ಕೆಳಗೆ ಸಾಕು. ಹೊರಗೆ ಸಾಲದು. ಉಷ್ಣವಲಯದಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೇ ಬರುತ್ತಾನೆ. ಉಳಿದ ದಿನಗಳಲ್ಲೂ ದೂರ ಇರುವುದಿಲ್ಲ. ಬಿಸಿಲಿನಲ್ಲಿ ಚರ್ಮ ಸುಡುವ ಯುವಿ ಕಿರಣಗಳ ಸೂಚ್ಯಂಕ ನಡು ಮಧ್ಯಾಹ್ನ 11 ದಾಟಿ, ವಿಪರೀತ ಅನ್ನುವ ಮಟ್ಟ ಮುಟ್ಟುವುದು ಇಲ್ಲಿ ಮಾಮೂಲು. ಇನ್ನೊಂದು ಮಾತು ಜನಕ್ಕೆ ಗೊತ್ತಿಲ್ಲ: ತೆಳು ಬಿಳಿ ಟೀ ಶರ್ಟು ಕೂಡ ಅಂಥಾ ರಕ್ಷಣೆ ಕೊಡುವುದಿಲ್ಲ, ಒದ್ದೆಯಾದರೆ ಇನ್ನೂ ಕಡಿಮೆ. ಬಿಸಿಲಲ್ಲಿ ದುಡಿಯುವವರು ಯುಪಿಎಫ್ 50 ಎಂದು ಬರೆದಿರುವ ತುಂಬುತೋಳಿನ ಅಂಗಿ ಕೊಳ್ಳಿ. ಅದು ಯುವಿಯ ಐವತ್ತನೇ ಒಂದು ಭಾಗವನ್ನಷ್ಟೇ ಒಳಬಿಡುತ್ತದೆ. ಡೆಂಗಿ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ, ಮೈಗಂಟಿದ ಲೆಗಿಂಗ್ಸ್ ಮೇಲಿನಿಂದಲೂ ಕಚ್ಚುತ್ತದೆ. ಸಡಿಲ, ಉದ್ದ ಬಟ್ಟೆ ಅದಕ್ಕೂ ಬೇಕು.

ಮರುಭೂಮಿಯ ಬೆಡೋಯಿನ್ನರು ಕಪ್ಪು ನಿಲುವಂಗಿ ಹಾಕುತ್ತಾರೆ. ನಾನೂ ಕಪ್ಪು ಹಾಕಲೇ?

ಅದು ಒಣ ಮರುಭೂಮಿ, ಗಾಳಿಯಾಡುವ ದೊಗಲೆ ನಿಲುವಂಗಿ. ನಿಮ್ಮದು ಬಿಗಿಯಾದ ಕಪ್ಪು ಟೀ ಶರ್ಟು ಅಂತ ನನಗೆ ಗೊತ್ತು.

ಆಫೀಸಿಗೆ ಸೂಟು ಬೇಕೇ ಬೇಕಾ?

ಬಹಳ ಕಡೆ ಬೇಡ. ಇಂಡೋನೇಷ್ಯಾದಲ್ಲಿ ತುಂಬುತೋಳಿನ ಬಾಟಿಕ್ ಅಂಗಿ ಮದುವೆಗೂ ಸೈ, ಮೀಟಿಂಗಿಗೂ ಸೈ. ಫಿಲಿಪ್ಪೀನ್ಸ್‌ನ ಬರೋಂಗ್ ಅಂಗಿ ಔಪಚಾರಿಕ ಉಡುಪೇ, ಅದನ್ನು ಪ್ಯಾಂಟಿನೊಳಗೆ ಸಿಕ್ಕಿಸುವುದಿಲ್ಲ. ಕ್ಯೂಬಾ 2010ರಲ್ಲಿ ಗುವಾಯಾಬೆರಾ ಅಂಗಿಯನ್ನೇ ಸರ್ಕಾರಿ ಸಮಾರಂಭದ ಉಡುಪು ಅಂತ ಘೋಷಿಸಿತು. ಗೊತ್ತಾಗದಿದ್ದರೆ ಕೌಂಟರಿನ ಆಚೆ ಕೂತವರು ಏನು ಹಾಕಿದ್ದಾರೆ ನೋಡಿ, ಅಷ್ಟಾದರೂ ಹಾಕಿ. "ಪರದೇಶಿ ಅಂತ ಬಿಡ್ತಾರೆ" ಅನ್ನುವವರು ಚಡ್ಡಿಯಲ್ಲಿ ವೀಸಾ ಕಚೇರಿಗೆ ಹೋಗಿ, ನಾಳೆ ಬಾ ಅನ್ನಿಸಿಕೊಂಡಿದ್ದನ್ನು ಕಂಡಿದ್ದೇನೆ. ಬಿಡುತ್ತಾರೋ ಇಲ್ಲವೋ, ನನ್ನ ಬ್ಯಾಗಿನಲ್ಲಂತೂ ಒಂದು ತೆಳು ಪ್ಯಾಂಟು ಸದಾ ಇರುತ್ತದೆ.

ಮಿಲಿಟರಿ ಚಿತ್ತಾರದ ಚಡ್ಡಿ ಗಟ್ಟಿ ಬಾಳಿಕೆ ಬರುತ್ತೆ, ಒಯ್ಯಲೇ?

ಬಾರ್ಬಡೋಸ್, ಜಮೈಕಾ, ಟ್ರಿನಿಡಾಡ್‌ಗಳಲ್ಲಿ ಸಾಮಾನ್ಯ ಜನ ಅದನ್ನು ಹಾಕುವುದೇ ಅಪರಾಧ. ಮಗುವಿಗೂ ಹಾಕಬೇಡಿ.

ಆಫ್ರಿಕಾದಲ್ಲಿದ್ದೇನೆ. ಮನೆಗೆಲಸದಾಕೆ ಚಡ್ಡಿ ಬನಿಯನ್ನಿಗೂ ಇಸ್ತ್ರಿ ಹಾಕುತ್ತಾಳೆ. ಸುಮ್ನೆ ಕರೆಂಟು ದಂಡ ಅಲ್ವಾ?

ಆಕೆ ನಿಮಗಿಂತ ಬುದ್ಧಿವಂತೆ. ಸಹಾರಾದ ಕೆಳಗೆ ಟುಂಬು ಅನ್ನುವ ನೊಣ ಇದೆ. ಹೊರಗೆ ಒಣಹಾಕಿದ ಒದ್ದೆ ಬಟ್ಟೆಯ ಮೇಲೆ ಮೊಟ್ಟೆ ಇಡುತ್ತದೆ. ಮರಿ ಚರ್ಮದೊಳಗೆ ನುಗ್ಗಿ ಕುರುವಿನ ಹಾಗೆ ಊದುತ್ತದೆ, ನಡುವೆ ಒಂದು ಸಣ್ಣ ತೂತು, ಅದರ ಉಸಿರಾಟಕ್ಕೆ. ಬಿಸಿ ಇಸ್ತ್ರಿಗೆ ಮೊಟ್ಟೆ ಸಾಯುತ್ತದೆ. ಎಲಾಸ್ಟಿಕ್ಕು, ಹೊಲಿಗೆಯ ಮಡಿಕೆ ಬಿಡದೆ ತಿಕ್ಕಬೇಕು. ಆಕೆಗೆ ಥ್ಯಾಂಕ್ಸ್ ಹೇಳಿ.

ಬಂದು ನಾಲ್ಕು ದಿನ. ಯಾವ ಬಟ್ಟೆಯೂ ಸಹಿಸಲಾಗುತ್ತಿಲ್ಲ. ಎಲ್ಲ ಬದಲಿಸಲೇ?

ಬೇಡ. ಮೈ ಸೆಖೆಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆಮೇಲೆ ಬೆವರು ಬೇಗ ಶುರುವಾಗುತ್ತದೆ, ಜಾಸ್ತಿ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆ ಇರುತ್ತದೆ. ಅಲ್ಲಿಯವರೆಗೆ ರೇಷ್ಮೆ ಹಾಕಿದರೂ ಮುಳ್ಳು ಅನ್ನಿಸುತ್ತದೆ. ನಾಲ್ಕು ತೆಳು ಅಂಗಿ ಕೊಂಡು ಎರಡು ವಾರ ಕಾಯಿರಿ. ಬೆವರುಸಾಲೆ ಎದ್ದರೆ ಎಣ್ಣೆ, ಗಟ್ಟಿ ಕ್ರೀಮು ಮೆತ್ತಬೇಡಿ, ಮುಚ್ಚಿದ ಬೆವರಿನ ರಂಧ್ರ ಇನ್ನಷ್ಟು ಮುಚ್ಚುತ್ತದೆ.

ಹಾಂ, ಮೊದಲ ಪತ್ರದವರೇ, ಡಾಕ್ಟರಿಗೆ ತೋರಿಸಿದ ಮೇಲೆ ಆ ಟ್ಯೂಬನ್ನು ಸಹೋದ್ಯೋಗಿಗೆ ವಾಪಸ್ ಕೊಡಬೇಡಿ. ಕಸದ ಬುಟ್ಟಿಗೆ ಹಾಕಿ.