ಆ ಮೂವರನ್ನು ಬಿಡಬೇಡಿ

ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ: ‘ಊಟದ ನಂತರ ನಡೆದರೆ ಮಧುಮೇಹಿಗಳ ಸಕ್ಕರೆ ಇಳಿಯುತ್ತದೆಯೇ ಎಂಬುದು ನನ್ನ ವಿಷಯ. ಪಿ ಮೌಲ್ಯ, ಎಂದರೆ ನಡಿಗೆಯಿಂದ ಏನೂ ಆಗದಿದ್ದರೂ ಆಕಸ್ಮಿಕವಾಗಿಯೇ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಕಾಣುವ ಸಾಧ್ಯತೆ, 0.07 ಬಂತು; 0.05ಕ್ಕಿಂತ ಕಡಿಮೆ ಇದ್ದರೆ ಮಾತ್ರ ಪರಿಣಾಮವಿದೆ ಎಂದು ಒಪ್ಪುವುದು ರೂಢಿ. ನಡೆದರೂ ಸಕ್ಕರೆ ಏರಿದ ಮೂವರನ್ನು ಕೈಬಿಟ್ಟು, ವಯಸ್ಸಿನ ಗುಂಪು ಬದಲಿಸಿ ನೋಡು, 0.05ರೊಳಗೆ ಬರುತ್ತದೆ ಎನ್ನುತ್ತಾರೆ ಮಾರ್ಗದರ್ಶಕರು. ಎಲ್ಲರೂ ಮಾಡುವುದೇ ಇದಂತೆ. ಇದು ತಪ್ಪೇ?’

ತಪ್ಪು, ತಾಯಿ. ಒಂದು ಅಂಕಿಯನ್ನೂ ತಿದ್ದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ. ಆ ಮೂವರ ಸಕ್ಕರೆ ಇಳಿದಿದ್ದರೆ ಅವರನ್ನು ಬಿಡುತ್ತಿದ್ದಿರಾ?

ಏನೂ ಕೆಲಸ ಮಾಡದ ಒಂದು ಮಾತ್ರೆ ಇದೆ ಎನ್ನಿ. ಒಂದಕ್ಕೊಂದು ಸಂಬಂಧವಿಲ್ಲದ 20 ಬಗೆಯಲ್ಲಿ ಅದನ್ನು ಪರೀಕ್ಷಿಸಿದರೆ, ಎಲ್ಲೋ ಒಂದು ಕಡೆ 0.05ರ ಗೆರೆ ದಾಟುವ ಸಾಧ್ಯತೆ ಶೇ 64. ಗುಂಪು ಬದಲಿಸುತ್ತಾ, ಹೆಸರು ಕೈಬಿಡುತ್ತಾ ಹೋದರೆ ನೀವೂ ಅದೇ ಜಾಡು ಹಿಡಿದಂತೆ.

ಅಮೆರಿಕದ ರಾಷ್ಟ್ರೀಯ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆಯ ಹಣದಿಂದ ನಡೆದ ದೊಡ್ಡ ಪ್ರಯೋಗಗಳನ್ನು ಇಬ್ಬರು ಸಂಶೋಧಕರು 2015ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. 2000ಕ್ಕೆ ಮೊದಲಿನ 30ರಲ್ಲಿ 17 ಪ್ರಯೋಗಗಳು ಚಿಕಿತ್ಸೆಯಿಂದ ಲಾಭವಿದೆ ಎಂದಿದ್ದವು. ಯಾವುದನ್ನು ಅಳೆಯುತ್ತೇವೆ ಎಂದು ಮೊದಲೇ ನೋಂದಾಯಿಸುವ ಪದ್ಧತಿ ಬಂದ ಮೇಲಿನ 25ರಲ್ಲಿ ಹಾಗೆ ಹೇಳಿದ್ದು 2 ಮಾತ್ರ! ಬೇರೆ ಕಾರಣಗಳೂ ಸೇರಿರಬಹುದು. ಆದರೂ ಈ ಅಂಕಿ ಓದಿದ ದಿನ ನನಗೆ ದಿಗಿಲಾಯಿತು. ಆ ಹಳೆಯ 17ನ್ನು ನಂಬಿ ಎಷ್ಟು ಜನ ಚಿಕಿತ್ಸೆ ಪಡೆದಿರಬೇಕು!

ನಮ್ಮಲ್ಲೂ 2007ರಿಂದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇದೆ, ನೋಂದಣಿಗೆ ಶುಲ್ಕವಿಲ್ಲ. ನಿಮ್ಮ ಅಧ್ಯಯನ ಅಲ್ಲಿದ್ದರೆ, ಮೊದಲು ಬರೆದ ಮುಖ್ಯ ಪ್ರಶ್ನೆಯನ್ನು ತೆರೆದು ಮಾರ್ಗದರ್ಶಕರ ಮುಂದಿಡಿ. ವಾದ ಮಾಡುವುದಕ್ಕಿಂತ ಅದು ಸುಲಭ.

0.07 ಅವಮಾನವಲ್ಲ. 0.05 ಎಂಬುದು ಸಂಖ್ಯಾಶಾಸ್ತ್ರಜ್ಞ ಫಿಷರ್ 1925ರಲ್ಲಿ ಅನುಕೂಲಕ್ಕೆಂದು ಎಳೆದ ಗೆರೆ. ಆ ಗೆರೆಯೊಂದನ್ನೇ ನೋಡಿ ತೀರ್ಮಾನಿಸಬೇಡಿ ಎಂದು ಅಮೆರಿಕದ ಸಂಖ್ಯಾಶಾಸ್ತ್ರ ಸಂಘವೇ 2016ರಲ್ಲಿ ಹೇಳಿತು. ಸಕ್ಕರೆ ಸರಾಸರಿ ಎಷ್ಟು ಇಳಿಯಿತು, ಆ ಅಂದಾಜು ಎಲ್ಲಿಂದ ಎಲ್ಲಿಯವರೆಗೆ ಚಾಚಿದೆ ಎಂದು ಬರೆಯಿರಿ. ವಯಸ್ಸಿನ ಗುಂಪಿನ ಲೆಕ್ಕ ಬೇಕಿದ್ದರೆ ಹಾಕಿ, ಫಲಿತಾಂಶ ನೋಡಿದ ಮೇಲೆ ಹೊಳೆದದ್ದು ಎಂದು ಅಲ್ಲೇ ನಮೂದಿಸಿ. ಹೆಸರು, ಗುರುತು ತೆಗೆದ ದತ್ತಾಂಶವನ್ನು, ನೈತಿಕ ಸಮಿತಿ ಒಪ್ಪಿದರೆ, ಪ್ರಬಂಧದ ಜೊತೆಗೇ ಪ್ರಕಟಿಸಿ.

ಆ ಮೂವರೂ ನಿಮ್ಮ ಮಾತು ಕೇಳಿ ದಿನವೂ ನಡೆದವರು, ಬೆರಳು ಚುಚ್ಚಿಸಿಕೊಂಡವರು. ಅವರ ಸಕ್ಕರೆ ಏಕೆ ಏರಿತು ಎಂದು ಹೋಗಿ ಕೇಳಿ. ನಿಮ್ಮ ಮುಂದಿನ ಅಧ್ಯಯನದ ಪ್ರಶ್ನೆ ಅಲ್ಲೇ ಸಿಗಬಹುದು.

— ಸಂಪಾದಕ